ಕಡಿಮೆ ಸಕ್ಕರೆಯ ಹಣ್ಣಿನ ಜಾಮ್: ಮನೆಯಲ್ಲೇ ಮಾಡುವ ಸಮಗ್ರ ವಿಧಾನ

ಜಾಮ್‌ನಲ್ಲಿ ಸಕ್ಕರೆ ಕಡಿಮೆ ಮಾಡುವುದೆಂದರೆ ಅಳೆದಿಟ್ಟ ಸಕ್ಕರೆಯಲ್ಲಿ ಅರ್ಧವನ್ನು ಪಾತ್ರೆಗೆ ಸುರಿದು ಉಳಿದರ್ಧವನ್ನು ಡಬ್ಬಕ್ಕೆ ವಾಪಸು ಹಾಕುವಷ್ಟು ಸುಲಭವೆಂದು ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಹಾಗೆ ಮಾಡಿದ ಮೊದಲ ಜಾಮ್ ರುಚಿಯಲ್ಲಿ ಚೆನ್ನಾಗಿಯೇ ಇತ್ತು. ಆದರೆ ಅದು ಚಮಚದಲ್ಲಿ ನಿಲ್ಲದೆ ಹರಿಯುತ್ತಿತ್ತು, ಮತ್ತು ಕಪಾಟಿನಲ್ಲಿಟ್ಟಿದ್ದ ಎರಡನೆಯ ಬಾಟಲಿಯ ಮೇಲೆ ಹತ್ತು ದಿನ ಕಳೆಯುವ ಮೊದಲೇ ಬಿಳಿ ಬೂಷ್ಟು ಬಂದಿತ್ತು. ಸಕ್ಕರೆ ಜಾಮ್‌ಗೆ ಸಿಹಿಯನ್ನಷ್ಟೇ ಕೊಡುತ್ತದೆಂದು ತಿಳಿದದ್ದೇ ನನ್ನ ತಪ್ಪು. ಅದು ಅಲ್ಲಿ ಬೇರೆ ಕೆಲಸಗಳನ್ನೂ ಮಾಡುತ್ತಿರುತ್ತದೆ. ಸಕ್ಕರೆಯನ್ನು ತೆಗೆದಾಗ ಆ ಕೆಲಸಗಳನ್ನು ಬೇರೆ ಯಾವುದಕ್ಕಾದರೂ ವಹಿಸಲೇಬೇಕು. ಈ ಬರಹದಲ್ಲಿ ಹೇಳಿರುವ ಕ್ರಮವೆಲ್ಲ ಆ ವಹಿಸಿಕೊಡುವಿಕೆಯ ಕ್ರಮವೇ ಆಗಿದೆ.

ಸಕ್ಕರೆಗೆ ಅಲ್ಲಿ ಏನು ಕೆಲಸ

ಹಳೆಯ ಪದ್ಧತಿಯ ಜಾಮ್‌ಗೆ ಹಣ್ಣಿನ ತೂಕಕ್ಕೆ ಸರಿಸಮವಾಗಿ ಸಕ್ಕರೆ ಹಾಕಿ, ಸಮುದ್ರಮಟ್ಟದ ಊರುಗಳಲ್ಲಿ ಸುಮಾರು 104–105 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕುದಿಸುತ್ತಾರೆ. ಅಷ್ಟು ಹೊತ್ತಿಗೆ ಅದರಲ್ಲಿ ಕರಗಿರುವ ಘನಾಂಶ ಶೇಕಡಾ 65ರ ಆಸುಪಾಸಿಗೆ ಬಂದಿರುತ್ತದೆ, ಮತ್ತು ಅದರಲ್ಲಿ ಬಹುಪಾಲು ಸಕ್ಕರೆಯೇ. ಕೋಡೆಕ್ಸ್ ಅಂತರರಾಷ್ಟ್ರೀಯ ಆಹಾರ ಮಾನದಂಡವು 2009ರಲ್ಲಿ ಜಾಮ್‌ಗೆ ನಿಗದಿಪಡಿಸಿದ ಘನಾಂಶವೂ ಶೇಕಡಾ 60ರಿಂದ 65 ಅಥವಾ ಅದಕ್ಕಿಂತ ಹೆಚ್ಚು. ಆದ್ದರಿಂದ ನಾವು ಮಾಡಹೊರಟಿರುವುದು ಆ ಲೆಕ್ಕದಲ್ಲಿ ಜಾಮ್ ಅನ್ನಿಸಿಕೊಳ್ಳದೆಯೂ ಇರಬಹುದು. ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಜಾಮ್ ಗಟ್ಟಿಯಾಗುವುದು ಪೆಕ್ಟಿನ್‌ನಿಂದ. ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಈ ನಾರಿನಂಥ ವಸ್ತುವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂರಿ ಬ್ರಾಕೊನೊ 1825ರಲ್ಲಿ ಗುರುತಿಸಿ, ಹೆಪ್ಪುಗಟ್ಟುವುದು ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟ. ಬೇಯಿಸಿದಾಗ ರಸಕ್ಕೆ ಇಳಿಯುವ ಪೆಕ್ಟಿನ್ ಎಳೆಗಳು ತಮ್ಮ ಸುತ್ತ ನೀರನ್ನು ಹಿಡಿದುಕೊಂಡು, ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಹುಳಿ ಸೇರಿದಾಗ ಆ ತಳ್ಳಾಟ ಕಡಿಮೆಯಾಗುತ್ತದೆ. ಸಕ್ಕರೆ ಸೇರಿದಾಗ ಅದು ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದರಿಂದ ಎಳೆಗಳು ಹತ್ತಿರ ಬಂದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಸಾಮಾನ್ಯ ಪೆಕ್ಟಿನ್ ಈ ಬಲೆಯನ್ನು ಹೆಣೆಯಬೇಕಾದರೆ ಘನಾಂಶ ಶೇಕಡಾ 55ಕ್ಕಿಂತ ಮೇಲಿರಬೇಕು, ಹುಳಿಯನ್ನು ಅಳೆಯುವ ಪಿಎಚ್ ಮಟ್ಟ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 2.8ರಿಂದ 3.5ರೊಳಗಿರಬೇಕು. ಸಕ್ಕರೆ ಅರ್ಧವಾದರೆ ಜಾಮ್ ಹರಿಯುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನೊಂದು ಕೆಲಸ ಕಾವಲಿನದು. ಸಕ್ಕರೆ ಹಿಡಿದಿಟ್ಟ ನೀರು ಬೂಷ್ಟಿಗಾಗಲಿ ಬ್ಯಾಕ್ಟೀರಿಯಾಗಳಿಗಾಗಲಿ ಸುಲಭವಾಗಿ ದಕ್ಕುವುದಿಲ್ಲ. ಸಾಂಪ್ರದಾಯಿಕ ಜಾಮ್ ತಿಂಗಳುಗಟ್ಟಲೆ ಕೆಡದಿರುವುದು ಹೀಗೆ. ಬಣ್ಣ ಮಾಸದಂತೆ ನೋಡಿಕೊಳ್ಳುವುದು, ಮೈಗೆ ಹೊಳಪು ಕೊಡುವುದು, ಹಣ್ಣಿನ ಹೋಳು ಕರಗಿಹೋಗದಂತೆ ಹಿಡಿದಿಡುವುದು ಕೂಡ ಸಕ್ಕರೆಯ ಪಾಲಿಗೇ ಸೇರುತ್ತವೆ. ಕಡಿಮೆ ಸಕ್ಕರೆಯ ಜಾಮ್ ಸ್ವಲ್ಪ ಮಂಕಾಗಿ, ಮೆದುವಾಗಿ, ತಿರುಳು ತಿರುಳಾಗಿ ಕಂಡರೆ ಅದನ್ನು ದೋಷವೆಂದು ಎಣಿಸಬಾರದು.

ಎಷ್ಟು ಕಡಿಮೆ ಮಾಡಬಹುದು

ನನ್ನ ಅನುಭವದಲ್ಲಿ ಒಂದು ಕಿಲೋ ಹಣ್ಣಿಗೆ 200ರಿಂದ 300 ಗ್ರಾಂ ಸಕ್ಕರೆ ಒಳ್ಳೆಯ ಅಳತೆ. ಅದಕ್ಕಿಂತ ಇಳಿಸಲು ಸಾಧ್ಯವಿಲ್ಲವೆಂದಲ್ಲ. ಆದರೆ ಹುಳಿ ಹಣ್ಣುಗಳಲ್ಲಿ ರುಚಿ ಪೆಚ್ಚಾಗುತ್ತದೆ, ಹಣ್ಣಿನ ಪರಿಮಳವೂ ಮೇಲೇಳುವುದಿಲ್ಲ. ಸಕ್ಕರೆಯನ್ನು ಪೂರ್ತಿ ಬಿಡಬೇಕೆನ್ನುವವರಿಗೆ ಬೇರೆ ದಾರಿಯಿದೆ, ಅದನ್ನು ಮುಂದೆ ಹೇಳಿದ್ದೇನೆ.

ಲೆಕ್ಕ ಹಾಕುವಾಗ ಹಣ್ಣಿನಲ್ಲೇ ಇರುವ ಸಕ್ಕರೆಯನ್ನು ಮರೆಯುವಂತಿಲ್ಲ. ನೂರು ಗ್ರಾಂ ಸ್ಟ್ರಾಬೆರಿಯಲ್ಲಿ ಸುಮಾರು 5 ಗ್ರಾಂ, ನೂರು ಗ್ರಾಂ ಸೇಬಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 800 ಗ್ರಾಂ ಸ್ಟ್ರಾಬೆರಿ, 200 ಗ್ರಾಂ ಸೇಬು ಮತ್ತು 200 ಗ್ರಾಂ ಸಕ್ಕರೆ ಸೇರಿಸಿದರೆ ಪಾತ್ರೆಯಲ್ಲಿ ಒಟ್ಟು 260 ಗ್ರಾಂ ಸಕ್ಕರೆಯಾಯಿತು. ಅದನ್ನು 650 ಗ್ರಾಂ ಜಾಮ್ ಆಗುವವರೆಗೆ ಬೇಯಿಸಿದರೆ ಶೇಕಡಾ 40ರಷ್ಟು ಸಕ್ಕರೆಯಿರುತ್ತದೆ, ಅಂದರೆ 20 ಗ್ರಾಂ ತೂಗುವ ಒಂದು ದೊಡ್ಡ ಚಮಚದಲ್ಲಿ 8 ಗ್ರಾಂ. ಸಾಂಪ್ರದಾಯಿಕ ಜಾಮ್‌ನ ಅಷ್ಟೇ ಚಮಚದಲ್ಲಿ 12–13 ಗ್ರಾಂ ಇರುತ್ತದೆ. ಹಣ್ಣಿಗೆ ಹಾಕುವ ಸಕ್ಕರೆಯನ್ನು ಐದನೇ ಒಂದು ಪಾಲಿಗೆ ಇಳಿಸಿದರೂ ಚಮಚದಲ್ಲಿ ಸಿಗುವ ಸಕ್ಕರೆ ಮೂರನೇ ಒಂದು ಪಾಲಿನಷ್ಟು ಮಾತ್ರ ಇಳಿಯುವುದಕ್ಕೆ ಕಾರಣ, ಕುದಿಸುವಾಗ ಹೋಗುವುದು ನೀರೇ ಹೊರತು ಸಕ್ಕರೆಯಲ್ಲ. ಹೆಚ್ಚು ಬತ್ತಿಸಿದಷ್ಟೂ ಪ್ರತಿ ಚಮಚದ ಸಿಹಿ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಹೊರಗಿನಿಂದ ಸೇರುವ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಲಿ, ಸಾಧ್ಯವಾದರೆ ಶೇಕಡಾ 5ಕ್ಕಿಂತ ಕಡಿಮೆಯಿರಲಿ ಎನ್ನುತ್ತದೆ. 2000 ಕ್ಯಾಲೊರಿ ತಿನ್ನುವವರಿಗೆ ಶೇಕಡಾ 5 ಎಂದರೆ ಸುಮಾರು 25 ಗ್ರಾಂ. ಆ ಲೆಕ್ಕದ ಎದುರು 8 ಗ್ರಾಂ ಕೂಡ ಸಣ್ಣದಲ್ಲ ಎಂಬುದು ಮಧುಮೇಹ ಇರುವವರ ಗಮನದಲ್ಲಿರಬೇಕು.

ಸಕ್ಕರೆಯ ಬದಲು ಜೇನನ್ನೋ ಬೆಲ್ಲವನ್ನೋ ಹಾಕಿದರೆ ಜಾಮ್ ಆರೋಗ್ಯಕರವಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವೆರಡೂ ಸಕ್ಕರೆಯೇ, ಬದಲಾಗುವುದು ರುಚಿ ಮಾತ್ರ, ಅದರಲ್ಲೂ ಬೆಲ್ಲ ಸೂಕ್ಷ್ಮ ಪರಿಮಳದ ಹಣ್ಣುಗಳನ್ನು ಪೂರ್ತಿ ಮುಚ್ಚಿಹಾಕುತ್ತದೆ. ಜೇನು ಹಾಕಿದ ಜಾಮ್ ಅನ್ನು ಒಂದು ವರ್ಷ ತುಂಬದ ಮಗುವಿಗೆ ಕೊಡಲೇಬಾರದು. ಗಟ್ಟಿ ಮಾಡಿದ ಹಣ್ಣಿನ ರಸದಿಂದ ಸಿಹಿ ಮಾಡಿ ‘ಸಕ್ಕರೆ ಸೇರಿಸಿಲ್ಲ’ ಎಂದು ಹೇಳುವುದೂ ಇದೇ ಜಾತಿಯ ಸಮಾಧಾನ. ಕ್ಯಾಲೊರಿಯಿಲ್ಲದ ಸಿಹಿಕಾರಕಗಳ ಸಂಗತಿ ಬೇರೆ. ಸ್ಟೀವಿಯಾ ಮತ್ತು ಸುಕ್ರಲೋಸ್ ಬಿಸಿಯನ್ನು ತಡೆದುಕೊಳ್ಳುತ್ತವೆ. ಆಸ್ಪರ್ಟೇಮ್ ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ. ಎರಿಥ್ರಿಟಾಲ್ ಹೆಚ್ಚಾದರೆ ಫ್ರಿಜ್‌ನಲ್ಲಿ ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಇವುಗಳಲ್ಲಿ ಯಾವುದೂ, ನಾವು ಬಳಸುವ ಪ್ರಮಾಣದಲ್ಲಿ, ಸಕ್ಕರೆಯಂತೆ ನೀರನ್ನು ಹಿಡಿದಿಡುವುದಿಲ್ಲ. ಆದ್ದರಿಂದ ಗಟ್ಟಿಯಾಗುವ ಮತ್ತು ಕೆಡದಿರುವ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹಣ್ಣನ್ನು ಆರಿಸುವುದು

ಸಕ್ಕರೆ ಕಡಿಮೆಯಾದಾಗ ಹಣ್ಣಿಗೆ ಮರೆಯಾಗಲು ಜಾಗವಿರುವುದಿಲ್ಲ. ಸಪ್ಪೆ ಹಣ್ಣಿನ ಜಾಮ್ ಸಪ್ಪೆಯಾಗಿಯೇ ಇರುತ್ತದೆ. ಆದ್ದರಿಂದ ಬಹುಪಾಲು ಹಣ್ಣು ಪರಿಮಳ ಬರುವಂತೆ ಚೆನ್ನಾಗಿ ಮಾಗಿರಬೇಕು. ಜೊತೆಗೆ ನಾಲ್ಕನೇ ಒಂದು ಪಾಲು ದೋರೆಗಾಯಿಯಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಹಣ್ಣು ಮಾಗುತ್ತ ಹೋದಂತೆ ಪೆಕ್ಟಿನ್ ಒಡೆಯುತ್ತದೆ, ಹುಳಿಯೂ ಇಳಿಯುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ ಉಳಿದುದನ್ನು ಬಳಸುವ ಉಳಿತಾಯ ಇಲ್ಲಿ ಬೇಡ. ಸಕ್ಕರೆ ಸೇರಿಸದೆ ಹೆಪ್ಪುಗಟ್ಟಿಸಿದ ಹಣ್ಣು ಸಿಕ್ಕರೆ ಧಾರಾಳವಾಗಿ ಬಳಸಬಹುದು; ಕರಗಿದಾಗ ಬಿಡುವ ರಸವನ್ನು ಮಾತ್ರ ಚೆಲ್ಲಬಾರದು.

ಸೇಬು, ಸೀಬೆ, ಹುಳಿ ಪ್ಲಮ್, ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆ, ಇವುಗಳಲ್ಲಿ ಪೆಕ್ಟಿನ್ ಹೇರಳವಾಗಿದೆ. ಸ್ಟ್ರಾಬೆರಿ, ಅನಾನಸ್, ಪೀಚ್, ಚೆರಿ, ಪೇರ್ ಹಣ್ಣುಗಳಲ್ಲಿ ಕಡಿಮೆ. ಎರಡನೆಯ ಗುಂಪಿನ ಹಣ್ಣಿಗೆ ಮೊದಲ ಗುಂಪಿನದನ್ನು ಐದನೇ ಒಂದು ಪಾಲು ಬೆರೆಸುವುದು ಹಳೆಯ ಉಪಾಯ. ಕಡಿಮೆ ಸಕ್ಕರೆಯಲ್ಲಿ ಆ ಪೆಕ್ಟಿನ್ ಪೂರ್ತಿ ಬಲೆ ಹೆಣೆಯದಿದ್ದರೂ, ತುರಿದ ಸೇಬಿನ ತಿರುಳು ಜಾಮ್‌ಗೆ ಮೈ ಕೊಡುತ್ತದೆ.

ಹುಳಿಯ ವಿಷಯ ರುಚಿಯದಷ್ಟೇ ಅಲ್ಲ, ಸುರಕ್ಷತೆಯದು. ಬೊಟುಲಿಸಂ ಎಂಬ ಮಾರಕ ಕಾಯಿಲೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಗಾಳಿಯಾಡದ ಬಾಟಲಿಯಲ್ಲಿ ಬೆಳೆಯಬಲ್ಲದು, ಆದರೆ ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇರುವ ಹುಳಿಯಲ್ಲಿ ಬೆಳೆಯಲಾರದು. ಸ್ಟ್ರಾಬೆರಿ, ಪ್ಲಮ್, ಸೇಬು, ಅನಾನಸ್, ಕಿತ್ತಳೆ ಇವೆಲ್ಲ ಈ ಗೆರೆಯ ಸುರಕ್ಷಿತ ಬದಿಯಲ್ಲಿವೆ. ಬಾಳೆ, ಪರಂಗಿ, ಅಂಜೂರ, ಕರಬೂಜ, ಬಹಳ ಮಾಗಿದ ಮಾವು ಗೆರೆಯನ್ನು ದಾಟಬಲ್ಲವು. ಇಂಥ ಹಣ್ಣುಗಳಿಗೆ ನಿಂಬೆರಸ ಸೇರಿಸಿದರೂ ಮನೆಯ ಅಳತೆಯನ್ನು ನಂಬಿ ಅವುಗಳ ಜಾಮ್ ಅನ್ನು ಕಪಾಟಿನಲ್ಲಿಡದೆ, ಫ್ರಿಜ್ ಅಥವಾ ಫ್ರೀಜರ್‌ನಲ್ಲೇ ಇಡುವುದು ಸರಿ.

ಪಾತ್ರೆ, ತಕ್ಕಡಿ ಮತ್ತು ಅಳತೆ

ದಪ್ಪ ತಳದ, ಬಾಯಿ ಅಗಲವಾದ ಸ್ಟೀಲ್ ಪಾತ್ರೆ ಬೇಕು. ಅಗಲ ಹೆಚ್ಚಿದಷ್ಟೂ ನೀರು ಬೇಗ ಆವಿಯಾಗುತ್ತದೆ, ಹಣ್ಣು ಹೆಚ್ಚು ಹೊತ್ತು ಬೇಯದೆ ಬಣ್ಣ ಮತ್ತು ಪರಿಮಳ ಉಳಿಸಿಕೊಳ್ಳುತ್ತದೆ. ಲೇಪವಿಲ್ಲದ ಅಲ್ಯೂಮಿನಿಯಂ ಪಾತ್ರೆಯೊಂದಿಗೆ ಹಣ್ಣಿನ ಹುಳಿ ವರ್ತಿಸುತ್ತದೆ, ಆದ್ದರಿಂದ ಅದು ಬೇಡ. ಒಂದು ಸಲಕ್ಕೆ ಒಂದು ಕಿಲೋಗಿಂತ ಹೆಚ್ಚು ಹಣ್ಣು ಹಾಕಬಾರದು. ಎರಡು ಕಿಲೋ ಇದ್ದರೆ ಎರಡು ಸಲ ಮಾಡುವುದೇ ಲೇಸು. ಮರದ ಸೌಟು, ಹಿಸುಕಲು ಒಂದು ಮ್ಯಾಷರ್, ಫ್ರೀಜರ್‌ನಲ್ಲಿಟ್ಟ ಎರಡು ಪಿಂಗಾಣಿ ತಟ್ಟೆ, 200–250 ಮಿಲಿಲೀಟರಿನ ಮೂರು ಗಾಜಿನ ಬಾಟಲಿ ಸಿದ್ಧವಿರಲಿ. ಸಣ್ಣ ಬಾಟಲಿಯೇ ಏಕೆಂದರೆ ತೆರೆದ ಬಾಟಲಿ ಬೇಗ ಖಾಲಿಯಾಗಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು 5 ಕಿಲೋ ತೂಗುವ ಡಿಜಿಟಲ್ ತಕ್ಕಡಿ. ಕಡಿಮೆ ಸಕ್ಕರೆಯ ಜಾಮ್‌ಗೆ ಥರ್ಮಾಮೀಟರ್ ಹೆಚ್ಚಿನ ಉಪಯೋಗಕ್ಕೆ ಬರುವುದಿಲ್ಲ. ಕುದಿಯುವ ಉಷ್ಣತೆ ಏರುವುದು ಸಕ್ಕರೆ ಸಾಂದ್ರವಾದಾಗ. ನಮ್ಮ ಜಾಮ್ ಹದಕ್ಕೆ ಬಂದಾಗಲೂ 101–102 ಡಿಗ್ರಿಯ ಹತ್ತಿರವೇ ಇರುತ್ತದೆ. 105 ಬರಲಿ ಎಂದು ಕಾಯುತ್ತ ನಿಂತರೆ ತಳ ಸೀದು ಹೋಗುವುದು ಖಚಿತ. ಅದಕ್ಕೆ ಬದಲು, ಒಲೆ ಹಚ್ಚುವ ಮೊದಲೇ ಖಾಲಿ ಪಾತ್ರೆಯನ್ನು ಸೌಟಿನ ಸಮೇತ ತೂಗಿ ಬರೆದಿಟ್ಟುಕೊಳ್ಳಬೇಕು. ನನ್ನ ಪಾತ್ರೆ ಸೌಟಿನೊಂದಿಗೆ 1450 ಗ್ರಾಂ ತೂಗುತ್ತದೆ. 650 ಗ್ರಾಂ ಜಾಮ್ ಬೇಕಾದರೆ ತಕ್ಕಡಿಯಲ್ಲಿ 2100 ಕಾಣಿಸುವವರೆಗೆ ಬೇಯಿಸುತ್ತೇನೆ, ಅಷ್ಟೇ. ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟರೆ ತಕ್ಕಡಿ ಹಾಳಾಗುತ್ತದೆ. ಅದರ ಮೇಲೆ ಒಂದು ಮರದ ಮಣೆಯನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಆಮೇಲೆ ಪಾತ್ರೆ ಇಡಬೇಕು.

ಮಾಡುವ ಕ್ರಮ

ಸ್ಟ್ರಾಬೆರಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ, ಏಕೆಂದರೆ ಅದು ಪೆಕ್ಟಿನ್ ಕಡಿಮೆಯಿರುವ, ಬೇಗ ಬಣ್ಣಗೆಡುವ, ತುಸು ಕಷ್ಟದ ಹಣ್ಣು. ಅದು ಕೈಗೆ ಹತ್ತಿದರೆ ಉಳಿದವು ಸುಲಭ. ಬೇಕಾಗುವುದು ತೊಟ್ಟು ತೆಗೆದ 800 ಗ್ರಾಂ ಸ್ಟ್ರಾಬೆರಿ, ಒಂದು ದೊಡ್ಡ ಹುಳಿ ಸೇಬು (200 ಗ್ರಾಂ), 200 ಗ್ರಾಂ ಸಕ್ಕರೆ, 30 ಮಿಲಿಲೀಟರ್ ಅಂದರೆ ಎರಡು ದೊಡ್ಡ ಚಮಚ ನಿಂಬೆರಸ, ಒಂದು ಚಿಟಿಕೆ ಉಪ್ಪು.

1. ಸ್ಟ್ರಾಬೆರಿಯನ್ನು ತೊಟ್ಟಿನ ಸಮೇತ ತೊಳೆದು, ನೀರು ಬಸಿದ ಮೇಲೆ ತೊಟ್ಟು ತೆಗೆಯಬೇಕು. ಮೊದಲೇ ತೊಟ್ಟು ತೆಗೆದರೆ ಹಣ್ಣು ನೀರು ಕುಡಿಯುತ್ತದೆ, ಆ ನೀರನ್ನು ಆಮೇಲೆ ನಾವೇ ಒಲೆಯ ಮೇಲೆ ಆವಿ ಮಾಡಬೇಕಾಗುತ್ತದೆ. ದೊಡ್ಡ ಹಣ್ಣನ್ನು ನಾಲ್ಕು ಹೋಳು, ಚಿಕ್ಕದನ್ನು ಎರಡು ಹೋಳು ಮಾಡಿ.

2. ಹೋಳುಗಳಿಗೆ ಸಕ್ಕರೆಯನ್ನೂ ಅರ್ಧ ನಿಂಬೆರಸವನ್ನೂ ಬೆರೆಸಿ, ಮುಚ್ಚಿ, ಎರಡು ಗಂಟೆ ಬಿಡಿ. ರಾತ್ರಿಯಿಡೀ ಬಿಡುವುದಾದರೆ ಫ್ರಿಜ್‌ನಲ್ಲಿಡಿ. ಸಕ್ಕರೆ ಹಣ್ಣಿನ ರಸವನ್ನು ಹೊರಗೆಳೆಯುವುದರಿಂದ ಒಂದು ಹನಿ ನೀರು ಸೇರಿಸದೆ ಬೇಯಿಸಲು ಆಗುತ್ತದೆ. ಎರಡು ಗಂಟೆಯ ನಂತರ ಮುಚ್ಚಳ ತೆಗೆದರೆ ಹೋಳುಗಳು ಕುಗ್ಗಿ, ಕೆಂಪು ರಸದಲ್ಲಿ ಅರ್ಧ ಮುಳುಗಿರುತ್ತವೆ. ತಳದಲ್ಲಿ ಸ್ವಲ್ಪ ಸಕ್ಕರೆ ಕರಗದೆ ಉಳಿದಿದ್ದರೂ ಚಿಂತೆಯಿಲ್ಲ.

3. ಸೇಬನ್ನು ಸಿಪ್ಪೆಯ ಸಮೇತ ಸಣ್ಣಗೆ ತುರಿದು, ಬೀಜವಿರುವ ನಡುಭಾಗವನ್ನು ಬಿಟ್ಟು, ಪಾತ್ರೆಗೆ ಹಾಕಿ. ಸ್ಟ್ರಾಬೆರಿಯಿಂದ ಬಸಿದ ರಸದಲ್ಲಿ ಮೂರು ನಾಲ್ಕು ಚಮಚವನ್ನು ಅದಕ್ಕೆ ಸೇರಿಸಿ, ಸಣ್ಣ ಉರಿಯಲ್ಲಿ ಮುಚ್ಚಿ ಎಂಟು ಹತ್ತು ನಿಮಿಷ ಮೆತ್ತಗಾಗುವವರೆಗೆ ಬೇಯಿಸಿ. ಗಟ್ಟಿ ಹಣ್ಣನ್ನು ಸಕ್ಕರೆಯೊಳಗೇ ಬೇಯಲು ಬಿಟ್ಟರೆ ಅದು ಮೆತ್ತಗಾಗುವ ಬದಲು ಚಿವುಟಿದರೂ ಬಗ್ಗದಂತಾಗುತ್ತದೆ. ಈ ಕಾರಣಕ್ಕೆ ಸೇಬು, ಪ್ಲಮ್, ಸೀಬೆ ಯಾವುದಾದರೂ ಮೊದಲು ಬೆಂದು ಆಮೇಲೆ ಸಕ್ಕರೆಯ ಬಹುಪಾಲನ್ನು ಕಾಣಬೇಕು.

4. ಈಗ ಸ್ಟ್ರಾಬೆರಿಯನ್ನು ರಸದ ಸಮೇತ ಸೇರಿಸಿ, ಉಪ್ಪು ಹಾಕಿ, ಉರಿ ಹೆಚ್ಚಿಸಿ. ಮೊದಲು ತೆಳುವಾದ ತಿಳಿಗುಲಾಬಿ ನೊರೆ ಉಕ್ಕುತ್ತದೆ; ಕಾಲು ಚಮಚ ಬೆಣ್ಣೆ ಹಾಕಿದರೆ ಇಳಿಯುತ್ತದೆ, ಅಥವಾ ಕೊನೆಯಲ್ಲಿ ಚಮಚದಿಂದ ತೆಗೆದರೂ ಆಯಿತು. ಐದು ನಿಮಿಷ ಕುದಿದ ಮೇಲೆ ಅರ್ಧದಷ್ಟು ಹಣ್ಣನ್ನು ಪಾತ್ರೆಯಲ್ಲೇ ಹಿಸುಕಿ, ಉಳಿದರ್ಧ ಹೋಳಾಗಿಯೇ ಇರಲಿ.

5. ಇಲ್ಲಿಂದ ಒಲೆಯ ಬಳಿಯೇ ನಿಲ್ಲಬೇಕು. ಮೊದಮೊದಲು ಗುಳ್ಳೆಗಳು ಚಿಕ್ಕದಾಗಿ, ಬೇಗಬೇಗನೆ ಏಳುತ್ತಿರುತ್ತವೆ. ನೀರು ಕಡಿಮೆಯಾದಂತೆ ಅವು ದೊಡ್ಡದಾಗಿ, ನಿಧಾನವಾಗಿ, ಕೊತಕೊತ ಎನ್ನುತ್ತ ಒಡೆಯುತ್ತವೆ, ಹನಿ ಕೈಗೆ ಸಿಡಿಯಲೂಬಹುದು. ಆಗ ಉರಿಯನ್ನು ಮಧ್ಯಮಕ್ಕೆ ಇಳಿಸಿ, ಸೌಟನ್ನು ತಳಕ್ಕೆ ಒತ್ತಿ ಅಂಚಿನಿಂದ ಅಂಚಿಗೆ ಎಳೆಯುತ್ತ ಕಲಕಿ. ಸಕ್ಕರೆ ಕಡಿಮೆಯಿರುವ ತಿರುಳು ಬೇಗ ತಳ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಸೀದ ವಾಸನೆ ಇಡೀ ಜಾಮ್‌ಗೆ ಹರಡುತ್ತದೆ. ಒಟ್ಟು 25ರಿಂದ 35 ನಿಮಿಷ ಬೇಕಾಗಬಹುದು. ಪಾತ್ರೆಯ ಅಗಲ ಮತ್ತು ಒಲೆಯ ಉರಿಗೆ ತಕ್ಕಂತೆ ಇದು ಬದಲಾಗುತ್ತದೆ.

6. ಇಪ್ಪತ್ತನೆಯ ನಿಮಿಷದಿಂದ ನಡುನಡುವೆ ತೂಗಿ ನೋಡಿ. ಗುರಿಯ ತೂಕದ ಹತ್ತಿರ ಬಂದಾಗ ಉರಿಯನ್ನು ಆರಿಸಿ, ತಣ್ಣನೆಯ ತಟ್ಟೆಯ ಮೇಲೆ ಒಂದು ಚಮಚ ಜಾಮ್ ಹಾಕಿ, ಎರಡು ನಿಮಿಷ ಫ್ರೀಜರ್‌ನಲ್ಲಿಟ್ಟು, ಬೆರಳಿನಿಂದ ನಡುವೆ ಗೆರೆ ಎಳೆಯಿರಿ. ಸಾಂಪ್ರದಾಯಿಕ ಜಾಮ್‌ನ ಮೇಲೆ ಬೆರಳು ತಳ್ಳಿದಾಗ ಸುಕ್ಕು ಏಳುತ್ತದೆ. ನಮ್ಮದರಲ್ಲಿ ಆ ಸುಕ್ಕನ್ನು ನಿರೀಕ್ಷಿಸಬಾರದು. ಎಳೆದ ಗೆರೆ ಮುಚ್ಚಿಕೊಳ್ಳದೆ ನಿಂತು, ಅಂಚಿನಲ್ಲಿ ನೀರು ಒಸರದಿದ್ದರೆ ಹದ ಬಂದಿದೆ ಎಂದರ್ಥ. ತಟ್ಟೆಯ ಮೇಲಿನ ಈ ತಣ್ಣನೆಯ ಜಾಮ್ ಅನ್ನೇ ರುಚಿ ನೋಡಬೇಕು. ಬಿಸಿಯಿದ್ದಾಗ ಸಿಹಿ ಹೆಚ್ಚಾಗಿ ತೋರುತ್ತದೆ, ಫ್ರಿಜ್‌ನಿಂದ ತೆಗೆದಾಗ ಕಡಿಮೆ ಅನ್ನಿಸುತ್ತದೆ.

7. ಉಳಿದ ನಿಂಬೆರಸವನ್ನು ಈಗ ಸೇರಿಸಿ ಒಂದು ನಿಮಿಷ ಕುದಿಸಿ ಇಳಿಸಿ. ಕೊನೆಯಲ್ಲಿ ಸೇರಿದ ಹುಳಿ ಹಣ್ಣಿನ ರುಚಿಯನ್ನು ಎಬ್ಬಿಸುತ್ತದೆ. ಸ್ವಲ್ಪ ನಿಂಬೆಸಿಪ್ಪೆಯ ತುರಿ, ವೆನಿಲಾ ಅಥವಾ ಒಂದು ಚೂರು ದಾಲ್ಚಿನ್ನಿ ಕೂಡ ಸಿಹಿ ಹೆಚ್ಚಿದಂತೆ ನಾಲಿಗೆಯನ್ನು ನಂಬಿಸುತ್ತವೆ.

ನಿಜವಾದ ಜೆಲ್ಲಿಯ ಹದ ಬೇಕೆಂದರೆ

ಮೇಲಿನ ಕ್ರಮದಲ್ಲಿ ಸಿಗುವುದು ಮೆದುವಾದ, ಹರಡಲು ಸುಲಭವಾದ ಜಾಮ್. ಚಾಕುವಿನ ಮೇಲೆ ನಡುಗುತ್ತ ನಿಲ್ಲುವಂಥದ್ದು ಬೇಕಾದರೆ ಕಡಿಮೆ ಮೆಥಾಕ್ಸಿಲ್ ಪೆಕ್ಟಿನ್ ಎಂಬ ಬೇರೆ ಬಗೆಯ ಪೆಕ್ಟಿನ್ ಪುಡಿಯನ್ನು ತರಬೇಕು. ಇದು ಗಟ್ಟಿಯಾಗಲು ಸಕ್ಕರೆಯನ್ನು ಕಾಯುವುದಿಲ್ಲ. ಕ್ಯಾಲ್ಸಿಯಂ ಅಯಾನುಗಳು ಇದರ ಎಳೆಗಳನ್ನು ಒಂದಕ್ಕೊಂದು ಕಟ್ಟುತ್ತವೆ. ಪೊಟ್ಟಣದೊಂದಿಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಪುಡಿಯೂ ಇರುತ್ತದೆ, ಅಥವಾ ಪೆಕ್ಟಿನ್‌ನಲ್ಲೇ ಬೆರೆತಿರುತ್ತದೆ. ಪ್ರಮಾಣ ತಯಾರಿಕೆಯಿಂದ ತಯಾರಿಕೆಗೆ ಬದಲಾಗುವುದರಿಂದ ಪೊಟ್ಟಣದ ಮೇಲಿನ ಅಳತೆಯನ್ನೇ ಅನುಸರಿಸಬೇಕು. ಕೊಳ್ಳುವಾಗ ‘ಕಡಿಮೆ ಸಕ್ಕರೆಗೆ’ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಸಾಮಾನ್ಯ ಪೆಕ್ಟಿನ್ ತಂದು ಎಷ್ಟು ಸುರಿದರೂ ಕಡಿಮೆ ಸಕ್ಕರೆಯಲ್ಲಿ ಅದು ಸರಿಯಾಗಿ ಕಟ್ಟುವುದಿಲ್ಲ.

ಈ ಪುಡಿಯನ್ನು ಬಿಸಿ ಹಣ್ಣಿಗೆ ನೇರವಾಗಿ ಉದುರಿಸಿದರೆ ಹೊರಗೆ ಅಂಟು, ಒಳಗೆ ಒಣಪುಡಿಯಿರುವ ಗಂಟುಗಳಾಗುತ್ತವೆ. ಅಳೆದ ಸಕ್ಕರೆಯಲ್ಲೇ ನಾಲ್ಕೈದು ಚಮಚ ತೆಗೆದಿಟ್ಟು, ಅದರಲ್ಲಿ ಪುಡಿಯನ್ನು ಚೆನ್ನಾಗಿ ಬೆರೆಸಿ, ಕುದಿಯುವ ಹಣ್ಣಿಗೆ ಒಂದು ಕೈಯಿಂದ ಉದುರಿಸುತ್ತ ಇನ್ನೊಂದು ಕೈಯಿಂದ ಜೋರಾಗಿ ಕಲಕಿದರೆ ಗಂಟಾಗುವುದಿಲ್ಲ. ಆಮೇಲೆ ಒಂದೆರಡು ನಿಮಿಷ ಕುದಿ ಸಾಕು. ನೀರನ್ನು ಬತ್ತಿಸುವ ಅಗತ್ಯವಿಲ್ಲದ್ದರಿಂದ ಜಾಮ್ ಹೆಚ್ಚು ಬರುತ್ತದೆ, ಪ್ರತಿ ಚಮಚದ ಸಕ್ಕರೆ ಇನ್ನಷ್ಟು ಇಳಿಯುತ್ತದೆ, ತಾಜಾ ಹಣ್ಣಿನ ಪರಿಮಳವೂ ಉಳಿಯುತ್ತದೆ. ಪುಡಿ ಸಿಗುವಂತಿದ್ದರೆ ನನ್ನ ಮತ ಇದಕ್ಕೇ.

ಇನ್ನೂ ಕಡಿಮೆ ಸಕ್ಕರೆಗೆ ಚಿಯಾ

ಚಿಯಾ ಬೀಜ ತನ್ನ ತೂಕದ ಸುಮಾರು ಹತ್ತು ಪಟ್ಟು ನೀರನ್ನು ಹೀರಿ ಲೋಳೆಯಂತಾಗುತ್ತದೆ. 500 ಗ್ರಾಂ ಹಣ್ಣನ್ನು 50 ಗ್ರಾಂ ಸಕ್ಕರೆಯೊಂದಿಗೆ ಹತ್ತು ನಿಮಿಷ ಬೇಯಿಸಿ, ಹಿಸುಕಿ, ಇಳಿಸಿ, ಒಂದು ಚಮಚ ನಿಂಬೆರಸ ಮತ್ತು ಮೂರು ದೊಡ್ಡ ಚಮಚ ಚಿಯಾ ಬೆರೆಸಿ, ಹತ್ತು ನಿಮಿಷದ ನಂತರ ಮತ್ತೊಮ್ಮೆ ಕಲಕಿ ಫ್ರಿಜ್‌ನಲ್ಲಿಟ್ಟರೆ ಆಯಿತು. ಸ್ಟ್ರಾಬೆರಿಯಾದರೆ ಒಂದು ಚಮಚದಲ್ಲಿ 3–4 ಗ್ರಾಂ ಸಕ್ಕರೆಯಷ್ಟೇ. ಸಕ್ಕರೆಯನ್ನು ಪೂರ್ತಿ ಬಿಡುವವರಿಗೂ ಈ ದಾರಿಯೇ ಅನುಕೂಲ, ಏಕೆಂದರೆ ಹದ ಸಕ್ಕರೆಯ ಮೇಲೆ ನಿಂತಿಲ್ಲ. ಹಣ್ಣು ಮಾತ್ರ ತಾನಾಗಿಯೇ ಸಿಹಿಯಾಗಿರಬೇಕು. ಬೀಜ ಹಲ್ಲಿಗೆ ಸಿಗುವುದು ಹಿಡಿಸದವರು ಪುಡಿ ಮಾಡಿ ಹಾಕಬಹುದು. ಇದನ್ನು ಜಾಮ್ ಎನ್ನುವುದಕ್ಕಿಂತ ಹಣ್ಣಿನ ಲೇಪ ಎನ್ನುವುದು ಹೆಚ್ಚು ಪ್ರಾಮಾಣಿಕ, ಮತ್ತು ಇದು ಬಾಳುವುದು ಒಂದು ವಾರ ಮಾತ್ರ.

ತುಂಬುವುದು, ಇಡುವುದು

ಸೋಪಿನಲ್ಲಿ ತೊಳೆದ ಬಾಟಲಿಗಳನ್ನು ನೀರಿನಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಬೇಕು. ಎತ್ತರದ ಊರುಗಳಲ್ಲಿ ನೀರು ಕಡಿಮೆ ಉಷ್ಣತೆಗೇ ಕುದಿಯುವುದರಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಒಂದು ನಿಮಿಷ ಹೆಚ್ಚು. ಬಾಟಲಿ ಬಿಸಿಯಿರುವಾಗಲೇ ಬಿಸಿ ಜಾಮ್ ತುಂಬಬೇಕು, ತಣ್ಣನೆಯ ಗಾಜಿಗೆ ಬಿಸಿ ಜಾಮ್ ಬಿದ್ದರೆ ಅದು ಒಡೆಯಬಹುದು. ಬಾಯಿಯ ಅಂಚನ್ನು ಶುಚಿಯಾದ ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿ, ಕೋಣೆಯ ಉಷ್ಣತೆಗೆ ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿ, ಮುಚ್ಚಳದ ಮೇಲೆ ದಿನಾಂಕ ಬರೆಯಿರಿ. ಬಾಟಲಿಯನ್ನು ತಲೆಕೆಳಗೆ ಇಡುವುದರಿಂದ ಜಾಮ್ ಬಾಳುತ್ತದೆ ಎಂಬ ನಂಬಿಕೆಗೆ ಜೋತು ಬೀಳಬೇಡಿ. ಆ ಮುಚ್ಚು ಭದ್ರವಲ್ಲ.

ಫ್ರಿಜ್‌ನಲ್ಲಿ ಮೂರು ವಾರ, ಫ್ರೀಜರ್‌ನಲ್ಲಿ ಒಂದು ವರ್ಷ ಎಂದು ಲೆಕ್ಕವಿಟ್ಟುಕೊಳ್ಳಿ. ಫ್ರೀಜರ್‌ಗೆ ಇಡುವ ಬಾಟಲಿಯಲ್ಲಿ ಮೇಲೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಡಬೇಕು, ಹೆಪ್ಪುಗಟ್ಟುವಾಗ ಜಾಮ್ ಉಬ್ಬುತ್ತದೆ. ಕುತ್ತಿಗೆ ಕಿರಿದಾದ ಬಾಟಲಿಗಿಂತ ನೇರ ಗೋಡೆಯದು ಒಳ್ಳೆಯದು. ಕಪಾಟಿನಲ್ಲೇ ಇಡಬೇಕೆನ್ನುವವರು, ಕಡಿಮೆ ಸಕ್ಕರೆಗೆಂದೇ ಪರೀಕ್ಷಿಸಿದ ಪಾಕವಿಧಾನವನ್ನು ಹಿಡಿದು, ತುಂಬಿದ ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಅದರಲ್ಲಿ ಹೇಳಿದಷ್ಟು ಹೊತ್ತು ಸಂಸ್ಕರಿಸಲೇಬೇಕು. ಈ ಬರಹದ ಅಳತೆಗಳು ಆ ಉದ್ದೇಶಕ್ಕಲ್ಲ, ಚಿಯಾ ಹಾಕಿದ್ದಂತೂ ಖಂಡಿತ ಅಲ್ಲ.

ಪ್ರತಿ ಸಲವೂ ಒಣ, ಶುಚಿಯಾದ ಚಮಚವನ್ನೇ ಬಳಸಿ. ಬೂಷ್ಟು ಒಂದು ಚುಕ್ಕೆ ಕಂಡರೂ ಇಡೀ ಬಾಟಲಿಯನ್ನು ಎಸೆಯಬೇಕು. ಮೇಲಿನ ಪದರವನ್ನು ತೆಗೆದು ಕೆಳಗಿನದನ್ನು ತಿನ್ನುವ ಅಭ್ಯಾಸ ಅಪಾಯದ್ದು, ಏಕೆಂದರೆ ಕೆಲವು ಬೂಷ್ಟುಗಳು ಬಿಡುವ ವಿಷ ಕಣ್ಣಿಗೆ ಕಾಣದೆ ಕೆಳಗೆ ಇಳಿದಿರಬಹುದು. ಮುಚ್ಚಳ ಉಬ್ಬಿದ್ದರೆ, ಗುಳ್ಳೆ ಏಳುತ್ತಿದ್ದರೆ, ಹುಳಿತ ವಾಸನೆ ಬಂದರೆ ರುಚಿ ನೋಡಲೂ ಹೋಗಬೇಡಿ.

ಎಡವಿದಾಗ

ಮರುದಿನ ಜಾಮ್ ನೀರಾಗಿ ಕಂಡರೆ ಗಾಬರಿ ಬೇಡ. ಅಗಲವಾದ ಪಾತ್ರೆಗೆ ಸುರಿದು ಐದಾರು ನಿಮಿಷ ಮತ್ತೆ ಕುದಿಸಿ ತೂಗಿ ನೋಡಿ. ಅಥವಾ ಪ್ರತಿ 250 ಗ್ರಾಂಗೆ ಒಂದು ದೊಡ್ಡ ಚಮಚ ಚಿಯಾ ಬೆರೆಸಿಬಿಡಿ, ಆ ಬಾಟಲಿಯನ್ನು ಮಾತ್ರ ವಾರದೊಳಗೆ ಮುಗಿಸಿ. ತೀರಾ ಗಟ್ಟಿಯಾಗಿದ್ದರೆ ಬಿಸಿನೀರಿಗಿಂತ ಅದೇ ಹಣ್ಣಿನ ರಸವನ್ನು ಒಂದೆರಡು ಚಮಚ ಸೇರಿಸಿ ಬಿಸಿ ಮಾಡುವುದು ರುಚಿಗೆ ಒಳ್ಳೆಯದು. ಕೆಲವು ದಿನಗಳ ಮೇಲೆ ಅಂಚಿನಲ್ಲಿ ತೆಳ್ಳಗೆ ನೀರು ಒಸರಿದ್ದರೆ ಅದು ಕೆಟ್ಟಿದ್ದರ ಗುರುತಲ್ಲ, ಕಲಕಿದರೆ ಸೇರಿಕೊಳ್ಳುತ್ತದೆ. ಬಣ್ಣ ಕಂದಾಗಿದ್ದರೆ ಹೆಚ್ಚು ಹೊತ್ತು ಬೆಂದಿದೆ. ಮುಂದಿನ ಸಲ ಹಣ್ಣನ್ನು ಅರ್ಧ ಕಿಲೋಗೆ ಇಳಿಸಿ, ಅದೇ ಅಗಲವಾದ ಪಾತ್ರೆಯಲ್ಲಿ ಮಾಡಿ. ತಳ ಹಿಡಿದದ್ದು ಮೂಗಿಗೆ ಬಂದ ಕ್ಷಣವೇ ಕಲಕುವುದನ್ನು ನಿಲ್ಲಿಸಿ, ಕೆರೆಯದೆ, ಮೇಲಿನ ಜಾಮ್ ಅನ್ನು ಮೆಲ್ಲಗೆ ಇನ್ನೊಂದು ಪಾತ್ರೆಗೆ ಬಗ್ಗಿಸಿ ರುಚಿ ನೋಡಿ. ಸೀದ ವಾಸನೆ ಅದಕ್ಕೆ ಅಂಟಿರದಿದ್ದರೆ ಅಲ್ಲೇ ಬೇಯಿಸುವುದನ್ನು ಮುಂದುವರಿಸಬಹುದು, ತಳದಲ್ಲಿ ಉಳಿದದ್ದನ್ನು ಮಾತ್ರ ಬಿಡಬೇಕು.